ನನ್ನ ಕೈಗುಣ ತೊಳೆದುಹೋದದ್ದು

ನಮ್ಮ ಕಡೆ ರೇಷ್ಮೆ ಬೆಳೆಯುವ ಮನೆಗೆ ಸೊಸೆಯಾಗಿ ಬಂದವಳಿಗೆ ಕೈಗುಣ ಇದೆಯೋ ಇಲ್ಲವೋ ಎಂಬುದು ಮೊದಲ ಬೆಳೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಅವಳು ಸೊಪ್ಪು ಹಾಕಿದ ಹುಳ ಗಟ್ಟಿಯಾಗಿ ಗೂಡು ಕಟ್ಟಿದರೆ ಕೈಗುಣ ಇದೆ, ನಡುವೆ ಸತ್ತರೆ ಇಲ್ಲ. ಅದಕ್ಕೆ ಮೇಲೆ ಮಾತಿಲ್ಲ. ನಾನು ಮಾಗಡಿ ಕಡೆಯಿಂದ ಕನಕಪುರದ ಹತ್ತಿರದ ಈ ಊರಿಗೆ ಮದುವೆಯಾಗಿ ಬಂದ ವರ್ಷ ಸುತ್ತಮುತ್ತ ಎಲ್ಲರ ಹುಳವೂ ಕೈಕೊಟ್ಟಿತ್ತು, ನಮ್ಮದೊಂದು ಉಳಿಯಿತು. ಅವತ್ತಿನಿಂದ ನಾನು ಕೈಗುಣದ ಸೊಸೆ.

ಆಗೆಲ್ಲ ಮೊಟ್ಟೆಯೊಡೆದು ಬಂದ ಮರಿಹುಳವನ್ನು ಮನೆಯಲ್ಲೇ ಕೋಳಿಪುಕ್ಕದಿಂದ ಸವರಿ ತಟ್ಟೆಗೆ ಇಳಿಸಿ, ಎಳೆಸೊಪ್ಪು ಹೆಚ್ಚಿ ಹಾಕಿ ಸಾಕಬೇಕಿತ್ತು. ಆ ಕೆಲಸಕ್ಕೆ ಊರಿನ ಅರ್ಧ ಮನೆಯವರು ನನ್ನನ್ನೇ ಕರೆಯುತ್ತಿದ್ದರು. ಈಗ ಮರಿ ಸಾಕುವ ಕೇಂದ್ರದವರು ಒಸಿ ಬಲಿತ ಹುಳವನ್ನೇ ಗಾಡಿಯಲ್ಲಿ ತಂದು ಇಳಿಸಿ ಹೋಗುತ್ತಾರೆ. ಆದರೂ ಮೊದಲ ಹಿಡಿ ಸೊಪ್ಪು ಹಾಕುವುದಕ್ಕೆ ನಾನೇ ಆಗಬೇಕಿತ್ತು. ಹೋದ ಮನೆಯಲ್ಲಿ ಮಣೆ ಹಾಕಿ ಕೂರಿಸಿ, ಹೂ ಕೊಟ್ಟು, ಕಾಫಿ ಕೊಟ್ಟು, ಹುಳಮನೆಯ ಬಾಗಿಲು ತೆಗೆಯುತ್ತಿದ್ದರು. ನಾನು ಕೈ ತೊಳೆದು, ಸೆರಗು ಸಿಕ್ಕಿಸಿ, ಹುಳದ ಮೇಲೆ ಸೊಪ್ಪು ಉದುರಿಸಿ ಬರುತ್ತಿದ್ದೆ. ಆ ಬಿಂಕ ನೋಡಬೇಕಿತ್ತು ನೀವು.

ನನಗೆ ಬೇರೆ ಏನಿತ್ತು ಹೇಳಿ. ಓದು ಪಿಯುಸಿಗೆ ನಿಂತಿತು. ಅಡುಗೆಯಲ್ಲಿ ಅಷ್ಟಕ್ಕಷ್ಟೆ, ಮುದ್ದೆ ಇವತ್ತಿಗೂ ಒಮ್ಮೊಮ್ಮೆ ಗಂಟು ಗಂಟಾಗುತ್ತದೆ. ದೇವರು ರೂಪ ಹಂಚುವಾಗ ನಾನು ಎಲ್ಲಿಗೋ ಹೋಗಿದ್ದೆ. ತವರಿನಿಂದ ತಂದ ಒಡವೆ ಅತ್ತೆಯ ಕಣ್ಣಿಗೆ ಅಂಥದ್ದೇನೂ ಅಲ್ಲ. ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇದ್ದದ್ದು ಈ ಎರಡು ಕೈಯಿಂದ. ಹಾಗಿರುವಾಗ ಅದನ್ನು ಇನ್ನೊಬ್ಬಳು ಬಂದು ಮುಟ್ಟಿದರೆ ಸುಮ್ಮನಿರಲು ನಾನೇನು ದೇವತೆಯೆ?

ಕೊರೊನಾ ಗಲಾಟೆ ಮುಗಿದ ಮೇಲೆ ನನ್ನ ಮೈದುನನಿಗೆ ಮದುವೆಯಾಯಿತು. ಅವನು ಬಿಡದಿಯಲ್ಲಿ ಕಾರಿನ ಕಾರ್ಖಾನೆಗೆ ಶಿಫ್ಟಿನಲ್ಲಿ ಹೋಗುತ್ತಾನೆ. ಹುಡುಗಿ ಚನ್ನಪಟ್ಟಣದವಳು, ಬಿ.ಎಸ್ಸಿ. ಓದಿದವಳು, ಅದರಲ್ಲೂ ಪ್ರಾಣಿಶಾಸ್ತ್ರ. ಅವಳ ಕೂದಲು ಸೊಂಟದವರೆಗೆ. ಅವಳ ಊರಿಗೆ ರೈಲುಂಟು, ಹತ್ತಿದರೆ ಮೈಸೂರು, ಹತ್ತಿದರೆ ಬೆಂಗಳೂರು. ನಮ್ಮ ಮಾಗಡಿಗೆ ಬಸ್ಸು ಬಿಟ್ಟರೆ ಏನಿದೆ? ರೈಲಿನ ವಿಷಯಕ್ಕೂ ಹೊಟ್ಟೆ ಉರಿಯುತ್ತದೆಯೆ ಎಂದು ನೀವು ಕೇಳಬಹುದು. ಉರಿಯುತ್ತಿತ್ತು. ಅವಳು ಅತ್ತೆಗೆ ಮೊಬೈಲಿನಲ್ಲಿ ಹರಿಕಥೆ ಹಾಕಿ ಕೊಡುತ್ತಿದ್ದಳು. ಅತ್ತೆ ಅದನ್ನು ಕಿವಿಯ ಹತ್ತಿರ ಹಿಡಿದುಕೊಂಡು, "ನಮ್ ಚಿಕ್ಕೋಳು" ಎಂದು ಬಾಯಿ ತುಂಬಾ ಕರೆಯುತ್ತಿದ್ದರು. ಇಷ್ಟು ವರ್ಷದಲ್ಲಿ ನನ್ನನ್ನು "ನಮ್ ದೊಡ್ಡೋಳು" ಎಂದು ಒಂದು ದಿನ ಕರೆದಿದ್ದರೆ ಕೇಳಿ.

ಅದೆಲ್ಲ ಹಾಳಾಗಲಿ. ಅವಳು ಹುಳಮನೆಗೆ ಕಾಲಿಟ್ಟಳು ನೋಡಿ, ಅಲ್ಲಿಂದ ಶುರುವಾಯಿತು. ಬಾಗಿಲಲ್ಲಿ ಒಂದು ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬ್ಲೀಚಿಂಗ್ ಪೌಡರಿನ ನೀರು ಇಟ್ಟಳು. ಒಳಗೆ ಹೋಗುವವರೆಲ್ಲ ಅದರಲ್ಲಿ ಪಾದ ಅದ್ದಬೇಕು, ಪಕ್ಕದ ಬಕೆಟ್ಟಿನಲ್ಲಿ ಕೈ ತೊಳೆಯಬೇಕು. ಹುಳಮನೆಯೆಲ್ಲ ಆಸ್ಪತ್ರೆಯ ವಾಸನೆ. ನಾನು ಹುಳಕ್ಕೆ ವಾಸನೆ ಆಗಿಬರುವುದಿಲ್ಲ ಎಂದು ಈರುಳ್ಳಿ ಮುಟ್ಟಿದ ಕೈಯನ್ನು ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಸೊಪ್ಪು ಮುಟ್ಟುವವಳು. ನನ್ನ ತಾಯಿ ಕಲಿಸಿದ್ದು ಅದು. ಅಂಥವಳಿಗೆ ಇವಳು ಬಂದು ಕೈ ತೊಳೆಯುವುದನ್ನು ಹೇಳಿಕೊಡುತ್ತಾಳೆ. ನಾನು ಮೂತಿ ತಿರುವಿದ್ದನ್ನು ನೋಡಿ ನನ್ನನ್ನು ಸಮಾಧಾನ ಮಾಡಲು ಹೋಗಿ ಅವಳು ಆಡಿದ ಮಾತು ಇದು:

"ಅಕ್ಕ, ನಿಮ್ಮ ಕೈಗುಣ ಅಂದ್ರೆ ಬೇರೇನಲ್ಲ. ನೀವು ಮೊದಲಿಂದ್ಲೂ ಕೈ ತೊಳ್ಕೊಂಡೇ ಸೊಪ್ಪು ಹಾಕ್ತೀರಲ್ಲ, ಅದೇ. ಹಂಗೆ ತೊಳೆದ್ರೆ ಯಾರಿಗೆ ಬೇಕಾದ್ರೂ ಕೈಗುಣ ಬರುತ್ತೆ."

ಹೊಗಳಿದಳು ಅಂದುಕೊಂಡಿದ್ದಳು, ಪಾಪ. ಯಾರಿಗೆ ಬೇಕಾದರೂ ಬರುವುದಾದರೆ ಅದು ಎಂಥ ಗುಣ? ನಲ್ಲಿ ನೀರಿನಲ್ಲಿ ಸಿಗುವುದಕ್ಕೆ ನನ್ನನ್ನು ಮಣೆ ಹಾಕಿ ಯಾರು ಕೂರಿಸುತ್ತಾರೆ? ನನಗೆ ಅವಳು ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಆಮೇಲೆ ಅವಳ ಕತೆಗಳು ಶುರುವಾದವು. ರೆಂಬೆಯಿಂದ ಸೊಪ್ಪು ಬಿಡಿಸುತ್ತಾ ಕೂತರೆ ಅವಳ ಬಾಯಿಗೆ ಬಿಡುವಿಲ್ಲ. ವಿಯೆನ್ನಾ ಎಂಬ ಊರಿನ ಒಂದು ದೊಡ್ಡಾಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಾರ್ಡು ಇದ್ದವಂತೆ. ಒಂದರಲ್ಲಿ ಡಾಕ್ಟರುಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರುಗಳ ವಾರ್ಡಿನಲ್ಲೇ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರಂತೆ. ಯಾಕೆಂದರೆ ಅವರು ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದರು. ಒಬ್ಬ ಡಾಕ್ಟರು ಅದನ್ನು ಕಂಡುಹಿಡಿದು, ಇದೇ ಬ್ಲೀಚಿಂಗ್ ಪೌಡರಿನಂಥ ನೀರಿನಲ್ಲಿ ಕೈ ತೊಳೆದೇ ಬನ್ನಿ ಎಂದ. ತೊಳೆದರು, ಸಾವು ಇಳಿಯಿತು. ಆದರೂ ದೊಡ್ಡ ಡಾಕ್ಟರುಗಳಿಗೆ ಸಿಟ್ಟು ಬಂತಂತೆ, ನಮ್ಮ ಕೈಯೇ ಸಾವು ತರುತ್ತದೆ ಅನ್ನುತ್ತಾನಲ್ಲ ಇವನು ಅಂತ. ಕೊನೆಗೆ ಆ ಮನುಷ್ಯ ಹುಚ್ಚಾಸ್ಪತ್ರೆಯಲ್ಲಿ ಸತ್ತನಂತೆ. ಅವಳು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ನಾನು ಮಾತ್ರ ಮನಸ್ಸಿನಲ್ಲೇ ಆ ದೊಡ್ಡ ಡಾಕ್ಟರುಗಳ ಪಕ್ಷ ಸೇರಿದೆ. ಒಂದು ಜೀವಮಾನವೆಲ್ಲ ಕೈಯಿಂದ ಹೆಸರು ಮಾಡಿದವರಿಗೆ ಹೋಗಿ ಕೈ ಸರಿಯಿಲ್ಲ ಅಂದರೆ ಸಿಟ್ಟು ಬರದೆ ಇನ್ನೇನು?

ಇನ್ನೊಂದು ದಿನ ಫ್ರಾನ್ಸಿನವನ ಕತೆ. ಅಲ್ಲಿ ರೇಷ್ಮೆ ಹುಳವೆಲ್ಲ ಗಂಟುರೋಗ ಬಂದು ಸಾಯುವಾಗ ಸರ್ಕಾರ ಒಬ್ಬ ವಿಜ್ಞಾನಿಯನ್ನು ಕರೆಯಿತು. ಆತ ಅಲ್ಲಿಯವರೆಗೆ ಒಂದು ರೇಷ್ಮೆ ಹುಳವನ್ನೂ ಮುಟ್ಟಿರಲಿಲ್ಲ. ಮೊದಮೊದಲು ಅವನೂ ತಪ್ಪೇ ತಿಳಿದುಕೊಂಡಿದ್ದ. ಆಮೇಲೆ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಚುಕ್ಕೆ ಕಂಡರೆ ಅದರ ಮೊಟ್ಟೆಯನ್ನು ಸುಡಬೇಕು ಎಂದು ಕಂಡುಕೊಂಡ. ಇವತ್ತಿಗೂ ನಮಗೆ ಬರುವ ಮೊಟ್ಟೆಯ ತಾಯಿಯನ್ನು ಹಾಗೆಯೇ ಅರೆದು ನೋಡುತ್ತಾರೆ, ಅದು ನಿಜ. ಆಮೇಲೆ ಆತ ಮನುಷ್ಯರ ರೋಗಕ್ಕೂ ಕ್ರಿಮಿಯೇ ಕಾರಣ ಎಂದು ತೋರಿಸಿ ಲೋಕಪ್ರಸಿದ್ಧನಾದ. ನಾನು ಒಂದೇ ಪ್ರಶ್ನೆ ಕೇಳಿದೆ, ಅವನು ಚುಕ್ಕೆ ನೋಡುತ್ತಾ ಕೂತಾಗ ಹುಳಕ್ಕೆ ಸೊಪ್ಪು ಹಾಕುತ್ತಿದ್ದವರು ಯಾರು ಅಂತ. ಅವನ ಹೆಂಡತಿ, ಮಗಳು, ಅವರೇ ಅಕ್ಕ ಹುಳ ಸಾಕಿದ್ದು ಅಂದಳು. ನೋಡಿದಿರಾ ಮತ್ತೆ. ಎಲ್ಲಿ ಹೋದರೂ ಅಷ್ಟೇ. ಆ ಹೆಂಡತಿಯ ಕೈಗುಣದ ಬಗ್ಗೆ ಯಾವ ಪುಸ್ತಕದಲ್ಲಾದರೂ ಬರೆದಿದೆಯೆ ಎಂದು ಕೇಳಿದೆ. ಅವಳು ನಕ್ಕುಬಿಟ್ಟಳು.

ಹೀಗೆ ದಿನಾ ಹುಳಮನೆಯಲ್ಲಿ ಕಿತ್ತಾಟ. ತಟ್ಟೆಯ ನೀರು ನಾನು ಚೆಲ್ಲುವುದು, ಅವಳು ತುಂಬುವುದು. ನಮ್ಮ ಮನೆಯವರಿಗೆ ಸಾಕಾಗಿ ಒಂದು ದಿನ ಹುಳಮನೆಯ ನಡುವೆ ಟಾರ್ಪಾಲು ಕಟ್ಟಿಬಿಟ್ಟರು. ಒಂದೇ ಗಾಡಿಯಲ್ಲಿ ಬಂದ ಹುಳ, ಒಂದೇ ತೋಟದ ಸೊಪ್ಪು, ಅರ್ಧ ಅವಳಿಗೆ, ಅರ್ಧ ನನಗೆ. ಯಾರ ಕಡೆಯ ಗೂಡು ಚೆನ್ನಾಗಿ ಬರುತ್ತದೋ ಅವರು ಹೇಳಿದಂತೆ ಇನ್ನು ಮುಂದೆ ಹುಳಮನೆ ನಡೆಯಬೇಕು ಎಂದು ಅತ್ತೆ ತೀರ್ಪು ಕೊಟ್ಟರು. ಸೋತವಳು ಹುಳದ ವಿಷಯಕ್ಕೆ ಬಾಯಿ ಹಾಕುವ ಹಾಗಿಲ್ಲ. ಮುಂಬಾಗಿಲು ಅವಳಿಗೆ ಹೋಯಿತು, ಗೊಬ್ಬರದ ಗುಂಡಿಯ ಕಡೆಯ ಹಿಂಬಾಗಿಲು ನನಗೆ ಬಂತು. ಅದೂ ಅತ್ತೆಯದೇ ತೀರ್ಪು. ಆಗ ಚಿಕ್ಕವಳು ಬಸುರಿ, ಸುತ್ತಿ ಬರಲಾಗುವುದಿಲ್ಲ ಎಂಬ ನೆಪ.

ಓದಿದ ಸೊಸೆ ಹೊಸ ರೀತಿಯಲ್ಲಿ ಹುಳ ಸಾಕುತ್ತಿದ್ದಾಳೆ ಎಂಬ ಸುದ್ದಿ ಹರಡಿತು. ನೆಂಟರು ಬಂದರು, ಪಕ್ಕದ ಊರಿನವರು ಬಂದರು. ಎಲ್ಲರೂ ಮುಂಬಾಗಿಲಿಗೇ. ಅವಳು ಹುಳ ಸಾಕುವ ಅಟ್ಟಣಿಗೆ ನೋಡಿ ಆಹಾ ಅಂದರು, ಫೋಟೋ ತೆಗೆದರು. ನಾನು ಟಾರ್ಪಾಲಿನ ಈಚೆ ಒಬ್ಬಳೇ ಕೂತು ಎಲ್ಲ ಕೇಳಿಸಿಕೊಂಡೆ. ನನ್ನ ಕಡೆ ಒಂದು ನರಪಿಳ್ಳೆ ಇಣುಕಲಿಲ್ಲ. ಬರದಿದ್ದರೆ ಬೇಡ ಎಂದು ನಾನೂ ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡೆ. ಗಂಡ ಸೊಪ್ಪು ತಂದರೆ ಹೊಸ್ತಿಲ ಆಚೆಯೇ ಇಳಿಸಿ ಹೋಗಬೇಕು.

ಬಂದವರಲ್ಲಿ ಅತ್ತೆಯ ಅಕ್ಕ, ಮರಳವಾಡಿಯ ದೊಡ್ಡತ್ತೆಯೂ ಒಬ್ಬರು. ಅವರದೂ ರೇಷ್ಮೆಯ ಮನೆಯೇ. ಅವತ್ತು ಜರಿಯಂಚಿನ ಸೀರೆ ಉಟ್ಟು ಬಂದಿದ್ದರು. ಬ್ಲೀಚಿಂಗ್ ನೀರಿಗೆ ಅಂಚಿನ ಬಣ್ಣ ಹೋದೀತು ಎಂದು ಸೀರೆ ಎತ್ತಿ ಹಿಡಿದು ತಟ್ಟೆಯನ್ನು ದಾಟಿ ಒಳಗೆ ಹೋದರು. ಬಕೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಟಾರ್ಪಾಲಿನ ಸಂದಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಚಿಕ್ಕವಳ ಬಾಯಿ ತೆರೆಯಿತು, ಮುಚ್ಚಿತು. ಬಂದ ಹಿರಿಯರಿಗೆ ಕಾಲಿಗೆ ನೀರು ಕೊಡುವುದು ಮರ್ಯಾದೆ. ಕಾಲು ತೊಳೆದುಕೊಂಡು ಬನ್ನಿ ಅನ್ನುವುದು ಅವಮಾನ. ಅತ್ತೆಯ ಅಕ್ಕನಿಗೆ ಹಾಗೆ ಹೇಳುವ ಧೈರ್ಯ ಯಾವ ಹೊಸ ಸೊಸೆಗೆ ಇದೆ? ವಿಯೆನ್ನಾದ ಕತೆ ಹೇಳಿದ ಬಾಯಿ ಮರಳವಾಡಿಯ ಮುಂದೆ ಬಿದ್ದುಹೋಯಿತು. ದೊಡ್ಡತ್ತೆ ಒಂದು ಹುಳವನ್ನು ಅಂಗೈ ಮೇಲೆ ಇಟ್ಟುಕೊಂಡು ಮುದ್ದು ಮಾಡಿ, ಅಟ್ಟಣಿಗೆಯ ಉದ್ದಕ್ಕೂ ಕೈಯಾಡಿಸಿ, ದೃಷ್ಟಿ ನಿವಾಳಿಸಿ ಹೋದರು. ನನ್ನ ಹುಳ ನೋಡಲು ಈಚೆ ಬರಲೇ ಇಲ್ಲ. ನನಗೆ ಅದೊಂದೇ ಸಂಕಟ.

ಹುಳ ನಾಲ್ಕನೇ ಬಾರಿ ಪೊರೆ ಬಿಟ್ಟು ಗಬಗಬನೆ ಸೊಪ್ಪು ತಿನ್ನುವ ಹೊತ್ತಿಗೆ ಮೋಡ ಕವಿದು ತಂಡಿ ಹಿಡಿಯಿತು. ಅವಳ ಕಡೆಯ ಹುಳ ತಿನ್ನುವುದನ್ನು ಬಿಟ್ಟು ಒಂದೊಂದೇ ಸೆಟೆದುಕೊಂಡವು. ಆಮೇಲೆ ಸೀಮೆಸುಣ್ಣದ ತುಂಡಿನ ಹಾಗೆ ಬಿಳಿಚಿಕೊಂಡವು. ಇದಕ್ಕೆ ನಾವು ಸುಣ್ಣಕಟ್ಟು ಅನ್ನುತ್ತೇವೆ. ಟಾರ್ಪಾಲಿಗೆ ತಗುಲಿದ ಅಂಚಿನಲ್ಲಿ ನನ್ನವೂ ಕೆಲವು ಹೋದವು, ಅವನ್ನು ಆರಿಸಿ ಒಲೆಗೆ ಹಾಕಿದೆ. ಉಳಿದದ್ದೆಲ್ಲ ಬೆಣ್ಣೆಯಂತೆ ಹಣ್ಣಾಗಿ, ಬಿದಿರಿನ ಚಂದ್ರಿಕೆ ತಟ್ಟಿ ಏರಿ ಗೂಡು ಕಟ್ಟಿದವು. ಅವಳ ಕಡೆ ಮೊರಗಟ್ಟಲೆ ಬಾಚಿ ಆಚೆ ಸಾಗಿಸಿದರು.

ನನಗೆ ಸಂತೋಷವಾಯಿತು. ಇಲ್ಲವೆಂದು ಸುಳ್ಳು ಯಾಕೆ ಹೇಳಲಿ? ಅವತ್ತು ಮೈಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದೆ. ನನ್ನ ಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತು. ಅತ್ತೆ ಮತ್ತೆ ನನ್ನ ಕಡೆ ತಿರುಗಿದರು. ದೊಡ್ಡೋಳ ಕೈ ದೊಡ್ಡೋಳ ಕೈಯೇ ಎಂದು ಬೀದಿಯಲ್ಲಿ ನಿಂತು ಹೇಳಿದರು. ಅಂತೂ ಆ ಮಾತು ಬಂತು. ಎರಡು ಮನೆಯವರು ಮುಂದಿನ ಬೆಳೆಗೆ ಮೊದಲ ಸೊಪ್ಪು ಹಾಕಲು ಆಗಲೇ ಹೇಳಿ ಹೋದರು.

ಅಲ್ಲಿಗೆ ನಿಂತಿದ್ದರೆ ನನ್ನಷ್ಟು ಸುಖಿ ಯಾರೂ ಇರುತ್ತಿರಲಿಲ್ಲ. ನಿಲ್ಲಲಿಲ್ಲ. ಚಿಕ್ಕವಳು ಹುಳಮನೆಯ ಹೊಸ್ತಿಲು ತುಳಿಯಬಾರದು ಎಂದಾಯಿತು. ಸೊಪ್ಪಿನ ತೋಟಕ್ಕೂ ಬೇಡ ಎಂದಾಯಿತು. ಅವಳು ತಟ್ಟೆಗೆ ಅನ್ನ ಬಡಿಸಿದರೆ ಅತ್ತೆ ಸಣ್ಣಗೆ ಮುಖ ಗಂಟಿಕ್ಕುತ್ತಿದ್ದರು. ಒಂದು ಮಧ್ಯಾಹ್ನ ದೊಡ್ಡತ್ತೆಯ ಫೋನು ಬಂತು. ಅತ್ತೆಗೆ ಕಿವಿ ಮಂದ, ಸ್ಪೀಕರ್ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಚಿಕ್ಕವಳು ಅಲ್ಲೇ ಕಂಬದ ಹತ್ತಿರ ಅವರೆಕಾಯಿ ಬಿಡಿಸುತ್ತಿದ್ದಳು, ನಾನು ಅಂಗಳ ಗುಡಿಸುತ್ತಿದ್ದೆ. ಬೇಜಾರು ಮಾಡ್ಕಬ್ಯಾಡ, ನಿಮ್ಮನೆಗೆ ಬರೋಕೆ ಮುಂಚೆ ನಮ್ದೂ ಹಿಂಗೇ ಸುಣ್ಣ ಕಟ್ಟಿತ್ತು, ಬಾಚಿ ಎಸೆದೇ ಬಂದಿದ್ದೆ ಎಂದು ದೊಡ್ಡತ್ತೆ ಸಮಾಧಾನ ಹೇಳಿದರು. ಆಮೇಲೆ ದನಿ ತಗ್ಗಿಸಿದ್ದೇನೆ ಅಂದುಕೊಂಡು ಇನ್ನೊಂದು ಮಾತು ಆಡಿದರು.

"ಆದ್ರೂ ನೋಡ್ಕಳವ್ವ. ಹುಳ ಉಳಿಸ್ದೇ ಇರೋ ಕೈ, ನಾಳೆ ಮಗಾನ ಹೆಂಗೆ ಉಳಿಸ್ತದೆ?"

ಅತ್ತೆ ಇಲ್ಲ ಅನ್ನಲಿಲ್ಲ. ಹೂಂ ಎಂದು ಉಸಿರು ಬಿಟ್ಟರು. ಚಿಕ್ಕವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿ ಎದ್ದು ಹೋದಳು.

ಅವಳು ಹೋಗಿದ್ದು ಹುಳಮನೆಯ ಹಿಂದಕ್ಕೆ. ನಾನು ಯಾಕೆ ಹಿಂದೆಯೇ ಹೋದೆನೋ ಗೊತ್ತಿಲ್ಲ. ಅಳುತ್ತಾ ಕೂತಿದ್ದಳು. ಅಂಗೈಯಲ್ಲಿ, ಆಚೆ ಸಾಗಿಸುವಾಗ ಬಿದ್ದಿದ್ದ ಒಂದು ಬಿಳಿಚಿದ ಹುಳ. ನನ್ನನ್ನು ನೋಡಿ ಮೂಗು ಒರೆಸಿಕೊಂಡಳು. ಕ್ರಿಮಿಯ ವಿಷಯ ಲೋಕಕ್ಕೆ ಮೊದಲು ಗೊತ್ತಾದದ್ದು ಇದೇ ಸುಣ್ಣಕಟ್ಟಿನಿಂದ, ಆ ಫ್ರಾನ್ಸಿನವನಿಗಿಂತ ಮುಂಚೆಯೇ ಎಂದು ಹೇಳತೊಡಗಿದಳು. ಅಳುವಾಗಲೂ ಪಾಠ. ಇಟಲಿಯಲ್ಲಿ ಒಬ್ಬ ಇದ್ದನಂತೆ, ಕಾನೂನು ಓದಿದವನು, ಕಣ್ಣು ಮಂಜಾಗಿ ಕೆಲಸ ಬಿಟ್ಟು ಊರಿನಲ್ಲಿ ಇದ್ದವನು. ಈ ರೋಗ ಹುಳದೊಳಗೆ ತಾನಾಗಿ ಹುಟ್ಟುತ್ತದೆ ಎಂದು ಅವನೂ ನಂಬಿದ್ದ. ಹುಳಕ್ಕೆ ಏನೇನೋ ಹಿಂಸೆ ಕೊಟ್ಟು ರೋಗ ಬರಿಸಲು ವರ್ಷಗಟ್ಟಲೆ ನೋಡಿದ, ಬರಲಿಲ್ಲ. ಕೊನೆಗೆ ತಿಳಿಯಿತು, ಸತ್ತು ಬೆಳ್ಳಗಾದ ಹುಳದ ಪುಡಿ ಸೋಕಿದರೆ ಮಾತ್ರ ಬರುತ್ತದೆ. ಕೈಯಿಂದ ಬರುತ್ತದೆ, ಬಟ್ಟೆಯಿಂದ ಬರುತ್ತದೆ, ಒಂದು ಹುಳಮನೆಯಿಂದ ಇನ್ನೊಂದಕ್ಕೆ ಹೋದವರ ಜೊತೆ ಬರುತ್ತದೆ.

"ನಾನು ತೊಳ್ಕೊಂಡೇ ಮುಟ್ಟಿದ್ದೆ ಅಕ್ಕ," ಅಂದಳು. "ನನ್ನ ಕೈಯಿಂದ ಬಂದಿಲ್ಲ. ನೀವಾದ್ರೂ ನಂಬಿ."

ನಂಬುವುದೇನು ಬಂತು, ನಾನು ಕಣ್ಣಾರೆ ನೋಡಿದ್ದೆ. ಎತ್ತಿ ಹಿಡಿದ ಜರಿಯಂಚು, ದಾಟಿದ ತಟ್ಟೆ, ಅಟ್ಟಣಿಗೆಯುದ್ದಕ್ಕೂ ಆಡಿದ ಕೈ. ಈಗ ಫೋನಿನಲ್ಲಿ ಅವರೇ ಹೇಳಿಯೂ ಆಯಿತು, ಮನೆಯ ಸುಣ್ಣಕಟ್ಟು ಬಾಚಿ ಎಸೆದೇ ಬಂದಿದ್ದೆ ಅಂತ. ನನ್ನ ಹುಳ ಉಳಿದದ್ದು ಯಾಕೆ ಎಂದೂ ಆಗಲೇ ಹೊಳೆಯಿತು. ಯಾರಿಗೂ ನನ್ನ ಹುಳ ಬೇಕಿರಲಿಲ್ಲ. ಹೊಟ್ಟೆಕಿಚ್ಚಿಗೆ ಚಿಲಕ ಹಾಕಿಕೊಂಡು ಕೂತೆ, ಆ ಚಿಲಕ ರೋಗವನ್ನೂ ಆಚೆ ನಿಲ್ಲಿಸಿತು. ಕೈಗುಣವಂತೆ ಕೈಗುಣ.

ಕಂಡದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಏಳು, ಬಸುರಿ ಹೆಂಗಸು ತಂಡಿ ನೆಲದಲ್ಲಿ ಕೂರಬಾರದು ಎಂದು ಗದರಿ ಎಬ್ಬಿಸಿದೆ, ಅಷ್ಟೇ. ಆಮೇಲೆ ನನ್ನೊಳಗೇ ಜಗಳ. ನಾನು ಬಾಯಿ ಬಿಟ್ಟರೆ ಇವಳ ಹೆಸರು ಉಳಿಯುತ್ತದೆ, ನನ್ನದು ಹೋಗುತ್ತದೆ. ಸುಮ್ಮನಿದ್ದರೆ ಹುಳಮನೆ ನನ್ನದು, ಮಣೆ ನನ್ನದು, ಅತ್ತೆ ನನ್ನವರು. ಕಷ್ಟಪಟ್ಟು ವಾಪಸು ಬಂದದ್ದನ್ನು ಬಿಟ್ಟುಕೊಡಲು ನನಗೇನು ಹುಚ್ಚೆ? ಹೇಳಬೇಕಾದರೆ ಅವಳೇ ಹೇಳಲಿ, ಓದಿದ್ದಾಳಲ್ಲ. ಹೀಗೆಲ್ಲ ಅಂದುಕೊಂಡೆ. ಆದರೆ ಅವಳು ಹೇಳಿದರೆ ಯಾರು ನಂಬುತ್ತಾರೆ? ಹುಳ ಸಾಯಿಸಿದವಳು ಹಿರಿಯರ ಮೇಲೆ ಹಾಕುತ್ತಾಳೆ ಅನ್ನುತ್ತಾರೆ. ಹುಟ್ಟುವ ಮಗುವಿಗೆ ನೆಗಡಿಯಾದರೂ ತಾಯಿಯ ಕೈ ಅನ್ನುತ್ತಾರೆ. ದೊಡ್ಡತ್ತೆಯ ಬಾಯಲ್ಲಿ ಆ ಮಗುವಿನ ಮಾತು ಬಾರದೆ ಇದ್ದಿದ್ದರೆ ನಾನು ಇವತ್ತಿಗೂ ಸುಮ್ಮನಿರುತ್ತಿದ್ದೆ.

ಸಾಯಂಕಾಲ ಅತ್ತೆ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಹೋಗಿ ಎದುರಿಗೆ ನಿಂತೆ.

"ಅತ್ತೆ, ನನ್ನ ಕಡಿಕೆ ಯಾರೂ ಬರ್ನಿಲ್ಲ, ಅದಕ್ಕೇ ಹುಳ ಉಳ್ಕಂಡ್ವು," ಅಂದೆ. "ದೊಡ್ಡತ್ತೆ ಮನೆ ಸುಣ್ಣಕಟ್ಟು ದೊಡ್ಡತ್ತೆ ಕೈಯಲ್ಲೇ ಬಂತು. ಕಾಲೂ ಅದ್ಲಿಲ್ಲ, ಕೈಯೂ ತೊಳೀಲಿಲ್ಲ, ನಾನೇ ನೋಡ್ದೆ. ಚಿಕ್ಕೋಳ ಕೈದು ಏನೂ ಇಲ್ಲ ಇದ್ರಲ್ಲಿ. ನನ್ನ ಕೈದೂ ಏನೂ ಇಲ್ಲ."

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. ಅಕ್ಕನ ಮೇಲೆ ಹೇಳಿದೆನೆಂದು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಹಂಗಾರೆ ಇಷ್ಟು ವರ್ಸ ನಿನ್ ಕೈಗುಣ ಕೈಗುಣ ಅಂತ ಊರ್ಗೆಲ್ಲ ಹೇಳ್ಕಂಡು ಬಂದ್ನಲ್ಲವ್ವ ನಾನು?"

ಅದನ್ನಾದರೂ ಉಳಿಸಿಕೊಳ್ಳಬಹುದಿತ್ತು. ಈ ಸಲ ಹೀಗಾಯಿತು, ಮುಂಚಿನದು ಕೈಗುಣವೇ ಅಂದಿದ್ದರೆ ಅತ್ತೆಯೇ ಖುಷಿಯಿಂದ ನಂಬುತ್ತಿದ್ದರು. ಆದರೆ ನನ್ನದು ಗುಣ ಅಂದರೆ ಅವಳದು ದೋಷ ಅಂದಂತೆಯೇ ಆಗುತ್ತದಲ್ಲ.

"ಅದೂ ಇಲ್ಲ ಅತ್ತೆ. ಕೈ ತೊಳ್ಕಂತಿದ್ದೆ, ಅಷ್ಟೇಯ."

ಅತ್ತೆ ನನ್ನ ಮುಖ ನೋಡಿದರು. ಮೋಸ ಹೋದವರ ನೋಟ ಅದು. ಎದ್ದು ಒಳಗೆ ಹೋದರು. ಚಿಕ್ಕವಳು ಬಾಗಿಲ ಮರೆಯಿಂದ ಬಂದು ನನ್ನ ಕಾಲು ಮುಟ್ಟಲು ಬಗ್ಗಿದಳು. ಹೊಟ್ಟೆ ಹೊತ್ತುಕೊಂಡು ಬಗ್ಗಬೇಡ ಎಂದು ಕಾಲು ಹಿಂದಕ್ಕೆ ಎಳೆದುಕೊಂಡೆ.

ಮಾತು ಊರಿಗೆ ಹೋಗದೆ ಇರುತ್ತದೆಯೆ? ಸೊಪ್ಪು ಹಾಕಲು ಹೇಳಿ ಹೋಗಿದ್ದ ಎರಡು ಮನೆಯವರೂ ಕರೆಯಲಿಲ್ಲ. ಅವರನ್ನು ಬೈಯುವ ಹಾಗಿಲ್ಲ. ಕೈ ತೊಳೆಯುವುದಕ್ಕೆ ಅವರ ಮನೆಯಲ್ಲೂ ನೀರಿದೆ. ನಮ್ಮ ಹುಳಮನೆಯ ಟಾರ್ಪಾಲು ಬಿಚ್ಚಿದರು, ಉದ್ದಕ್ಕೂ ಚಿಕ್ಕವಳ ಕಾನೂನು ಬಂತು. ಅತ್ತೆಯೇ ಬಾಗಿಲಲ್ಲಿ ಚೊಂಬು ಹಿಡಿದು ನಿಂತು ಬಂದವರ ಕೈಕಾಲಿಗೆ ನೀರು ಹಾಕಿ ಒಳಗೆ ಬಿಡತೊಡಗಿದರು. ಅತ್ತೆ ಕೊಟ್ಟರೆ ಅದು ಮರ್ಯಾದೆ, ಯಾರೂ ಬೇಡ ಅನ್ನುವುದಿಲ್ಲ. ದೊಡ್ಡತ್ತೆಯೂ ಅನ್ನಲಿಲ್ಲ. ಮುಂದಿನ ಬೆಳೆಯ ಗೂಡು ನೋಡಬೇಕಿತ್ತು, ಅಂಥ ಗಟ್ಟಿ ಗೂಡನ್ನು ನನ್ನ ಒಳ್ಳೆಯ ದಿನಗಳಲ್ಲೂ ನಾನು ಬಿಡಿಸಿರಲಿಲ್ಲ.

ಗೂಡು ಬಿಡಿಸುವ ದಿನ ಅಂಗಳದ ತುಂಬ ಜನ. ಚಿಕ್ಕವಳು ತುಂಬಿದ ಬಸುರಿ, ಕುರ್ಚಿಯ ಮೇಲೆ ಕೂತು ಗೂಡು ಆರಿಸುತ್ತಿದ್ದಳು. ದೊಡ್ಡತ್ತೆ ಒಂದು ಬೊಗಸೆ ಗೂಡು ಎತ್ತಿ ಎಲ್ಲರಿಗೂ ತೋರಿಸಿದರು.

"ಏನ್ ಕೈಗುಣ ಕಣವ್ವ ಈ ಮಗೀದು," ಅಂದರು. ಅತ್ತೆಯೂ ಹೌದು ಹೌದು ಅಂದರು. ಅಕ್ಕಪಕ್ಕದವರೂ ಅಂದರು. ಮುಂದಿನ ಸಲ ನಮ್ಮನೆಗೂ ಬಂದು ಮೊದಲ ಸೊಪ್ಪು ಹಾಕವ್ವ ಎಂದು ಒಬ್ಬಳು ಕರೆದೂಬಿಟ್ಟಳು.

ನಾನು ಮೊರ ಕೆಳಗಿಟ್ಟು ಕಾದೆ. ಈಗ ಹೇಳುತ್ತಾಳೆ, ವಿಯೆನ್ನಾದಿಂದ ಶುರು ಮಾಡುತ್ತಾಳೆ, ಫ್ರಾನ್ಸು, ಇಟಲಿ ಎಲ್ಲ ಬರುತ್ತದೆ, ಯಾರಿಗೆ ಬೇಕಾದರೂ ಬರುತ್ತದೆ ಅನ್ನುತ್ತಾಳೆ ಎಂದು ಅವಳ ಬಾಯಿಯನ್ನೇ ನೋಡುತ್ತಾ ನಿಂತೆ. ಅವಳು ತನ್ನ ಎರಡು ಕೈಯನ್ನೂ ಒಂದು ಸಲ ನೋಡಿಕೊಂಡಳು. ನನ್ನ ಕಡೆ ಮಾತ್ರ ನೋಡಲಿಲ್ಲ. ನಾಚಿಕೊಂಡು ನಕ್ಕಳು, ಬರ್ತೀನಿ ಅಂದಳು. ಕ್ರಿಮಿ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ.